ಬೆಟ್ಟದ ದಾರಿಯೂ ಗಾಲಿಕುರ್ಚಿಯೂ



ನಮ್ಮ ಸಂಪಾಜೆಯು ಘಟ್ಟದ ಬುಡದಲ್ಲಿರುವ ಊರೆಂಬುದನ್ನು ನಿಮಗೆ ನಾನು ಹೇಳಬೇಕಾದುದಿಲ್ಲ. ಮಾಣಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿಯು ಇಲ್ಲಿಂದ ಮೇಲೇರತೊಡಗಿ, ಕೊಯಿನಾಡು, ಜೋಡುಪಾಲ, ಮದೆನಾಡುಗಳನ್ನು ದಾಟಿ, ಸುಮಾರು 30 ಕಿಲೋಮೀಟರ್ ದೂರದಲ್ಲಿ ಮಡಿಕೇರಿಯನ್ನು ಸೇರುತ್ತದೆ. ದಸರೆ, ಕ್ರಿಸ್ಮಸ್ ಮುಂತಾದ ರಜೆಯ ದಿನಗಳಲ್ಲಿ ಬೆಟ್ಟ ನೋಡಲು ಹೊರಟವರ ವಾಹನಗಳು ಸಾಲುಸಾಲಾಗಿ ನಮ್ಮ ಕಣ್ಣಮುಂದೆಯೇ ಹಾದುಹೋಗುತ್ತವೆ. ಆ ಸಾಲಿನಲ್ಲಿ ಬಾರದವರ ವಿಷಯವಾಗಿ ಈ ಸಂಚಿಕೆಯಲ್ಲಿ ನಾಲ್ಕು ಮಾತುಗಳನ್ನು ಬರೆಯಬೇಕೆಂದು ನನಗೆ ಬಹಳ ದಿನಗಳಿಂದ ಮನಸ್ಸಾಗಿತ್ತು. ನಡೆಯಲಾರದವರು, ಕಣ್ಣು ಕಾಣದವರು, ಕಿವಿ ಕೇಳದವರು, ಮುಪ್ಪಿನಿಂದ ಮೊಣಕಾಲು ಸೋತವರು, ಇವರು ಬೆಟ್ಟವನ್ನೂ ಕಾಡನ್ನೂ ಕಾಣುವುದೆಂತು ಎಂಬುದೇ ಆ ವಿಷಯವು. ಶಾಲೆಯ ಫಲಿತಾಂಶ, ಕಟ್ಟಡ, ಕ್ರೀಡಾಕೂಟ ಇವುಗಳ ವರದಿಯು ಬೇರೆ ಪುಟಗಳಲ್ಲಿರುವುದರಿಂದ, ಈ ಕೆಲವು ಪುಟಗಳನ್ನು ನಾನು ಇದಕ್ಕಾಗಿ ತೆಗೆದುಕೊಂಡದ್ದನ್ನು ವಾಚಕರು ಮನ್ನಿಸಬೇಕು.

ನನಗೆ ಈ ಯೋಚನೆಯು ಹುಟ್ಟಿದುದು ನಮ್ಮ ಹತ್ತನೆಯ ತರಗತಿಯ ಒಬ್ಬ ಹುಡುಗಿಯಿಂದ. ಆಕೆಗೆ ಹುಟ್ಟಿದಂದಿನಿಂದಲೂ ಕಾಲುಗಳಲ್ಲಿ ಬಲವಿಲ್ಲ. ಗಾಲಿಕುರ್ಚಿಯಲ್ಲಿಯೇ ಆಕೆಯ ಓಡಾಟ. ಲೆಕ್ಕದಲ್ಲಿ ಬುದ್ಧಿವಂತೆ, ಮಾತಿನಲ್ಲಿ ಅದಕ್ಕಿಂತಲೂ ಚುರುಕು. ಶೈಕ್ಷಣಿಕ ಪ್ರವಾಸದ ಸುದ್ದಿಯು ಹೊರಟ ಮಾರನೆಯ ದಿನವೇ ಆಕೆಯ ತಾಯಿಯು ನನ್ನ ಕೊಠಡಿಗೆ ಬಂದು ನಿಂತು, “ಟೀಚರೇ, ಇವಳ ಹೆಸರು ಬರೆಯಬೇಡಿ. ಉಳಿದ ಮಕ್ಕಳ ಸಂತೋಷಕ್ಕೆ ಇವಳಿಂದ ಅಡ್ಡಿಯಾಗುವುದು ಬೇಡ” ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ, ದುಃಖವೂ ಮೇಲೆ ಕಾಣುತ್ತಿರಲಿಲ್ಲ. ಮದುವೆಮನೆ, ಜಾತ್ರೆ, ಅಂಗಡಿಬೀದಿ, ಎಲ್ಲ ಕಡೆಯೂ ಹೀಗೆಯೇ ಹೇಳಿ ಅಭ್ಯಾಸವಾದವರ ಮಾತು ಅದಾಗಿತ್ತು. ಹೆಸರನ್ನು ಬರೆದುಕೊಂಡು, ಏನಾಗುವುದೆಂದು ನೋಡೋಣವೆಂದು ನಾನು ಅವರನ್ನು ಕಳುಹಿಸಿದೆನು.

ಆಮೇಲೆ ನಾನು ಅಲ್ಲಲ್ಲಿಗೆ ದೂರವಾಣಿಯಲ್ಲಿ ವಿಚಾರಿಸತೊಡಗಿದೆನು. ನಮ್ಮ ಜಿಲ್ಲೆಯ ಹೆಸರುವಾಸಿಯಾದ ಸ್ಥಳಗಳನ್ನು ನೀವೇ ನೆನಸಿಕೊಳ್ಳಿರಿ. ಅಬ್ಬಿ ಜಲಪಾತಕ್ಕೆ ಕಾಫಿ ತೋಟದ ನಡುವೆ ಮೆಟ್ಟಿಲುಗಳನ್ನಿಳಿಯಬೇಕು. ತಲಕಾವೇರಿಗೆ ರಸ್ತೆಯಿಂದ ಮೆಟ್ಟಿಲುಗಳನ್ನೇರಬೇಕು. ದುಬಾರೆಯ ಆನೆಗಳನ್ನು ನೋಡಲು ಕಾವೇರಿಯನ್ನು ದೋಣಿಯಲ್ಲಿ ದಾಟಬೇಕು. ಕುಶಾಲನಗರದ ಬಳಿಯ ನಿಸರ್ಗಧಾಮಕ್ಕೆ ತೂಗುಸೇತುವೆಯ ಮೇಲೆ ಹೋಗಬೇಕು. ಇವುಗಳಲ್ಲಿ ಯಾವುದೂ ಕೆಟ್ಟ ಮನಸ್ಸಿನಿಂದ ಹಾಗೆ ಕಟ್ಟಲ್ಪಟ್ಟುದಲ್ಲ. ಆದರೆ ಕಟ್ಟುವಾಗ ಕಾಲುಳ್ಳವರನ್ನಲ್ಲದೆ ಬೇರೆಯವರನ್ನು ಯಾರೂ ನೆನೆದಿರಲಿಲ್ಲವೆಂಬುದು ಸ್ಪಷ್ಟ. ನನ್ನ ಪ್ರಶ್ನೆಗಳಿಗೆ ಸಿಕ್ಕಿದ ಉತ್ತರಗಳೆಲ್ಲವೂ ಸೌಜನ್ಯದವುಗಳೇ. ಒಂದು ಕಡೆಯವರು, “ನೀವು ಬನ್ನಿ ಮೇಡಂ, ಏನಾದರೂ ಮಾಡೋಣ” ಎಂದರು. ಇನ್ನೊಂದು ಕಡೆಯವರು, “ನಮ್ಮ ಹುಡುಗರು ನಾಲ್ಕು ಜನ ಇದ್ದಾರೆ, ಎತ್ತಿಕೊಂಡು ಹೋಗುತ್ತಾರೆ” ಎಂದರು. ಮೆಟ್ಟಿಲುಗಳೆಷ್ಟು, ಬಾಗಿಲಿನ ಅಗಲವೆಷ್ಟು, ಶೌಚಾಲಯವು ಎಂಥದು ಎಂದು ಕೇಳಿದರೆ ಮಾತ್ರ ಯಾರಲ್ಲಿಯೂ ಉತ್ತರವಿರಲಿಲ್ಲ.

ನಾಲ್ಕು ಜನ ಎತ್ತಿಕೊಂಡು ಹೋಗುವರೆಂಬ ಸಂಗತಿಯನ್ನು ಹುಡುಗಿಗೆ ತಿಳಿಸಿದಾಗ ಆಕೆ ತಲೆಯಲ್ಲಾಡಿಸಿ, “ಎತ್ತಿಕೊಂಡು ಹೋಗುವುದಾದರೆ ನಾನು ಬರುವುದಿಲ್ಲ ಟೀಚರೇ. ಅಲ್ಲಿ ಎಲ್ಲರೂ ಕಾಡನ್ನು ನೋಡುವುದಿಲ್ಲ, ನನ್ನನ್ನು ನೋಡುತ್ತಾರೆ” ಎಂದಳು.

ಈ ಒಂದು ಮಾತಿನಲ್ಲಿ ನನ್ನ ಲೇಖನದ ಸಾರವೆಲ್ಲವೂ ಅಡಗಿರುತ್ತದೆ. ಹೊರಿಸಿಕೊಂಡು ಹೋಗುವುದು ಬೇರೆ, ತಾನಾಗಿ ಹೋಗುವುದು ಬೇರೆ. ಮೋಟಾರು ರಸ್ತೆಗಳಿಲ್ಲದ ಹಿಂದಿನ ಕಾಲದಲ್ಲಿ ನಮ್ಮ ಸೀಮೆಯಲ್ಲಿ ರೋಗಿಗಳನ್ನೂ ಮುದುಕರನ್ನೂ ಮಂಚಲಿನಲ್ಲಿಯೋ ಡೋಲಿಯಲ್ಲಿಯೋ ಹೊತ್ತುಕೊಂಡು ಹೋಗುತ್ತಿದ್ದರು. ಆಗ ಬೇರೆ ಉಪಾಯವಿರಲಿಲ್ಲ. ಹೊತ್ತವರ ಹೆಗಲಿಗೆ ನಾವು ಕೃತಜ್ಞರಾಗಿರಬೇಕು. ಆದರೆ ಹೊರಲ್ಪಟ್ಟವನು ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನೋಡಬೇಕು, ಯಾವಾಗ ಹಿಂದಿರುಗಬೇಕು ಎಂಬುದನ್ನು ಹೊರುವವರೇ ನಿಶ್ಚಯಿಸುತ್ತಾರೆ. ಉಪಕಾರಕ್ಕೆ ಪ್ರತಿಯಾಗಿ ಆತನು ಬಾಯಿ ಮುಚ್ಚಿಕೊಂಡಿರಬೇಕು. ಬೆಟ್ಟಕ್ಕೆ ಹೋಗುವುದರಲ್ಲಿರುವ ಸುಖವಾದರೋ ಬೇಕಾದಲ್ಲಿ ನಿಂತು, ಬೇಕಾದಷ್ಟು ಹೊತ್ತು ಸುಮ್ಮನಿರುವುದರಲ್ಲಿಯೇ ಇದೆ.

ಬೈಬಲಿನಲ್ಲಿ ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ವರು ಹೊತ್ತುತಂದ ವೃತ್ತಾಂತವನ್ನು ನಮ್ಮ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲಿರಿ. ಜನಸಂದಣಿಯ ದೆಸೆಯಿಂದ ಬಾಗಿಲಲ್ಲಿ ದಾರಿ ಸಿಕ್ಕದಿದ್ದಾಗ ಅವರು ಮನೆಯ ಮೇಲ್ಛಾವಣಿಯನ್ನೇ ತೆರೆದು ಅವನನ್ನು ಇಳಿಬಿಟ್ಟರು. ಅವರು ಹೊತ್ತುದನ್ನು ನಾವು ಸಾಮಾನ್ಯವಾಗಿ ಹೊಗಳುತ್ತೇವೆ. ನನಗಾದರೋ ಅವರು ಛಾವಣಿ ತೆರೆದುದೇ ದೊಡ್ಡದಾಗಿ ಕಾಣುತ್ತದೆ. ರೋಗಿಯು ಬದಲಾಗಲಿ ಎಂದು ಅವರು ಕಾಯಲಿಲ್ಲ, ಕಟ್ಟಡವನ್ನು ಬದಲಾಯಿಸಿದರು.

ನಮ್ಮ ದೇಶದ ಕಾನೂನು ಸಹ ಈಗ ಇದೇ ಮಾತನ್ನು ಹೇಳುತ್ತದೆ. 1995ರ ಕಾಯಿದೆಯು 7 ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಹೆಸರಿಸಿತ್ತು. ಅದಕ್ಕೆ ಬದಲಾಗಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 2017ನೆಯ ಏಪ್ರಿಲ್ 19ರಂದು ಜಾರಿಗೆ ಬಂದು, 21 ಬಗೆಗಳನ್ನು ಹೆಸರಿಸಿರುವುದಲ್ಲದೆ, ಶಾಲೆ, ಕೆಲಸ, ಚಿಕಿತ್ಸೆಗಳೊಡನೆ ವಿನೋದ ವಿಹಾರಗಳನ್ನೂ ಹಕ್ಕಿನ ಪಟ್ಟಿಯಲ್ಲಿ ಸೇರಿಸಿತು. ಸಾರ್ವಜನಿಕ ಕಟ್ಟಡಗಳನ್ನು ಎಲ್ಲರೂ ಪ್ರವೇಶಿಸುವಂತೆ ಮಾಡಲು 5 ವರ್ಷಗಳ ಅವಧಿಯನ್ನು ಕೊಟ್ಟಿತು. ಆ ಅವಧಿಯು ಕಳೆದುಹೋಗಿದೆ. ಕಣ್ಣು ಕಾಣದ ರಾಜೀವ್ ರತೂರಿಯವರು 2005ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2024ನೆಯ ನವೆಂಬರ್ 8ರಂದು ತೀರ್ಪು ಕೊಟ್ಟು, ಇಂಥ ಸೌಕರ್ಯಗಳ ನಿಯಮಗಳು ಬರಿಯ ಸಲಹೆಗಳಾಗಿರಕೂಡದು, ಕಡ್ಡಾಯವಾದವುಗಳಾಗಿರಬೇಕು ಎಂದು ವಿಧಿಸಿತು. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 2 ಕೋಟಿ 68 ಲಕ್ಷ ಮಂದಿಯೂ, ನಮ್ಮ ಕರ್ನಾಟಕವೊಂದರಲ್ಲಿಯೇ 13 ಲಕ್ಷಕ್ಕೆ ಮೇಲ್ಪಟ್ಟ ಮಂದಿಯೂ ಅಂಗವೈಕಲ್ಯವುಳ್ಳವರಾಗಿದ್ದರು.

ನಮ್ಮ ಸೀಮೆಗಂತೂ ಈ ವಿಷಯವು ದೂರದ್ದಲ್ಲ. ನಮ್ಮ ಪಯಸ್ವಿನಿ ನದಿಯು ಕೆಳಗಿಳಿದು ಚಂದ್ರಗಿರಿಯೆಂಬ ಹೆಸರಿನಿಂದ ಸಮುದ್ರ ಸೇರುವ ಕಾಸರಗೋಡಿನ ಸೀಮೆಯಲ್ಲಿ, 2000ದವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷವನ್ನು ಸಿಂಪಡಿಸುತ್ತಿದ್ದರು. ದಕ್ಷಿಣ ಕನ್ನಡದ ಕೊಕ್ಕಡ ಮುಂತಾದ ಊರುಗಳಿಗೂ ಆ ವಿಪತ್ತು ತಪ್ಪಲಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ನಿಷೇಧಿಸಿತಾದರೂ, ಅದರ ಬಾಧೆಗೆ ಗುರಿಯಾದ ಮಕ್ಕಳು ಎಷ್ಟೋ ಮನೆಗಳಲ್ಲಿ ಇದ್ದಾರೆ. ಬೆಟ್ಟಗುಡ್ಡಗಳ ನಡುವೆಯೇ ಹುಟ್ಟಿ ಬೆಳೆದ ಆ ಮಕ್ಕಳಲ್ಲಿ ಬೆಟ್ಟವನ್ನು ಹತ್ತಿ ನೋಡಿದವರು ಎಷ್ಟು ಮಂದಿ?

ಪ್ರವಾಸದ ವಿಷಯಕ್ಕೆ ಮರಳುತ್ತೇನೆ. ವಿಚಾರಣೆಗಳಾದ ಮೇಲೆ ನಾವು ಆರಿಸಿಕೊಂಡದ್ದು ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು. ಇದರ ಇತಿಹಾಸವನ್ನು ಮಕ್ಕಳಿಗೆ ಮೊದಲೇ ಪಾಠವಾಗಿ ಹೇಳಿದ್ದೆವು. ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು 1980ರ ದಶಕದಲ್ಲಿ ಅಲ್ಲಿಯ ಸಿಂಗಳೀಕಗಳನ್ನು ಕುರಿತು ಸಮೀಕ್ಷೆ ನಡೆಸಿದರು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲ್ಪಟ್ಟಿತು. ತುಂಗೆ, ಭದ್ರೆ, ನೇತ್ರಾವತಿ ಎಂಬ ಮೂರು ಹೊಳೆಗಳು ಆ ಬೆಟ್ಟಗಳ ಗಂಗಾಮೂಲದಲ್ಲಿ ಹುಟ್ಟುತ್ತವೆ. ಅಲ್ಲಿಯ ಕಬ್ಬಿಣದ ಅದಿರಿನ ಗಣಿಯು ನ್ಯಾಯಾಲಯದ ಆಜ್ಞೆಯಂತೆ 2005ರ ಕೊನೆಗೆ ನಿಂತಿತು. ಸುಮಾರು 1,890 ಮೀಟರ್ ಎತ್ತರದ ಕುದುರೆಮುಖದ ತುದಿಗೆ ಬಲವಾದ ಕಾಲುಳ್ಳವರಿಗೂ ಹೋಗುವುದು ಕಷ್ಟ. ಆದರೆ ಕಾರ್ಕಳದ ಕಡೆಯಿಂದ ಮಾಳದ ಘಟ್ಟವನ್ನೇರಿ ಕಳಸಕ್ಕೆ ಹೋಗುವ ರಸ್ತೆಯು ಉದ್ಯಾನದ ನಡುವೆಯೇ ಹಾದುಹೋಗುವುದರಿಂದ, ಹುಲ್ಲುಗಾವಲಿನ ಬೆಟ್ಟಗಳೂ ಅವುಗಳ ಮಡಿಲಲ್ಲಿರುವ ಶೋಲಾ ಕಾಡುಗಳೂ ಕುಳಿತಲ್ಲಿಂದಲೇ ಕಾಣುತ್ತವೆ. ಕಡಾಂಬಿ ಎಂಬ ಜಲಪಾತವು ಆ ರಸ್ತೆಯ ಮಗ್ಗುಲಲ್ಲಿಯೇ ಬೀಳುತ್ತದೆ. ನಮಗೆ ಇದು ಮುಖ್ಯವಾಯಿತು.

ಬಸ್ಸಿನ ಮೆಟ್ಟಿಲು ಎತ್ತರವಾದುದರಿಂದ, ನಮ್ಮೂರಿನ ಒಬ್ಬರ ಓಮ್ನಿ ವಾಹನವನ್ನು ಜತೆಗೆ ಗೊತ್ತುಮಾಡಿದೆವು. ಅದರ ತಳವು ತಗ್ಗಾಗಿರುವುದರಿಂದ ಹುಡುಗಿಯು ಕುರ್ಚಿಯಿಂದ ಅದಕ್ಕೆ ತಾನೇ ಕೈಯೂರಿ ಹತ್ತಬಲ್ಲಳು. ಕುರ್ಚಿಯನ್ನು ಮಡಚಿ ಹಿಂದೆ ಇಡಬಹುದು. ಆಕೆಯೊಡನೆ ಓಮ್ನಿಯಲ್ಲಿ ಕುಳಿತುಕೊಳ್ಳುವುದಕ್ಕೆ ಹುಡುಗಿಯರೊಳಗೆ ಎಷ್ಟು ಜಗಳವಾಯಿತೆಂದರೆ, ಸುಳ್ಯದಲ್ಲಿ ಇಬ್ಬರು, ಉಪ್ಪಿನಂಗಡಿಯಲ್ಲಿ ಇಬ್ಬರು, ನಾರಾವಿಯಲ್ಲಿ ಇಬ್ಬರು ಎಂದು ನಾನು ಸರದಿ ಹಾಕಬೇಕಾಯಿತು. ಅಡ್ಡಿಯಾಗುವಳೆಂದು ತಾಯಿಯು ಹೆದರಿದ್ದ ಮಗಳಿಗೆ ಹೀಗೆ ದಾರಿಯುದ್ದಕ್ಕೂ ಗೆಳತಿಯರಿಗೆ ಬರವಿರಲಿಲ್ಲ.

ಕಡಾಂಬಿಯ ಬಳಿ ವಾಹನ ನಿಂತಿತು. ಮಳೆಗಾಲ ಮುಗಿದು ಬಹಳ ದಿನಗಳಾಗದುದರಿಂದ ನೀರು ತುಂಬಿ ಧುಮುಕುತ್ತಿತ್ತು. ಹುಡುಗಿಯು ಕುರ್ಚಿಗಿಳಿದು, ಹಿಂದಿನಿಂದ ತಳ್ಳಲು ಬಂದವರನ್ನು ಬೇಡವೆಂದು, ತನ್ನ ಕೈಗಳಿಂದಲೇ ಗಾಲಿಯನ್ನು ತಿರುಗಿಸಿಕೊಂಡು ಆ ಕೆಲವೇ ಮಾರು ದೂರವನ್ನು ಹೋದಳು. ತುಂತುರು ಮುಖಕ್ಕೆ ಹೊಡೆಯುತ್ತಿತ್ತು. ಎಲ್ಲರೂ ನೋಡಿಯಾಗಿ ವಾಹನವೇರಿದ ಮೇಲೂ ಆಕೆ ಅಲ್ಲಿಯೇ ಇದ್ದಳು, ನಾನು ಕರೆಯಲಿಲ್ಲ. ಕೊನೆಗೆ ತಾನಾಗಿಯೇ ತಿರುಗಿಬಂದು, “ಇಲ್ಲಿ ಯಾರೂ ನನ್ನನ್ನು ನೋಡಲಿಲ್ಲ ಟೀಚರೇ. ಎಲ್ಲರೂ ನೀರನ್ನೇ ನೋಡಿದರು” ಎಂದಳು.

ಅದೇ ದಾರಿಯಲ್ಲಿ ಹನುಮನಗುಂಡಿ ಎಂಬ ಇನ್ನೊಂದು ಜಲಪಾತವುಂಟು. ಅದರ ಬುಡಕ್ಕೆ ಹೋಗಲು ಮೆಟ್ಟಿಲುಗಳನ್ನೇ ಇಳಿಯಬೇಕು. ಈ ಸಂಗತಿಯನ್ನು ಶಾಲೆಯಲ್ಲಿಯೇ ಹುಡುಗಿಗೆ ಹೇಳಿದ್ದೆವು. ಆಕೆಯೇ ಯೋಚಿಸಿ, “ಎಲ್ಲರೂ ಇಳಿಯಲಿ. ನಾನು ಮೇಲೆ ಕುಳಿತು ಹಕ್ಕಿಗಳ ಪಟ್ಟಿ ಬರೆಯುತ್ತೇನೆ” ಎಂದು ನಿಶ್ಚಯಿಸಿದ್ದಳು. ಅಂತೆಯೇ ಆಯಿತು, ಗೆಳತಿಯರಿಬ್ಬರು ಆಕೆಯ ಬಳಿಯಲ್ಲಿ ಉಳಿದರು. ಅಂಗವೈಕಲ್ಯವುಳ್ಳವರು ಎಲ್ಲ ಶಿಖರಗಳಿಗೂ ಎಲ್ಲ ಗುಂಡಿಗಳಿಗೂ ಹೋಗಲೇಬೇಕೆಂದು ಕೇಳುತ್ತಾರೆಂದು ಕೆಲವರು ತಿಳಿದಿರುವುದುಂಟು. ಅವರು ಕೇಳುವುದು ಅಷ್ಟಲ್ಲ. ಮೊದಲೇ ನಿಜವನ್ನು ತಿಳಿದು ತಾನಾಗಿ ಉಳಿದುಕೊಳ್ಳುವವಳಿಗೆ ನೋವಿಲ್ಲ. ಅಲ್ಲಿಯವರೆಗೆ ಕರೆದುಕೊಂಡು ಹೋಗಿ, ಮೆಟ್ಟಿಲುಗಳ ಮುಂದೆ ನಿಲ್ಲಿಸಿ, “ಅಯ್ಯೋ, ನೀನು ಇಲ್ಲಿಯೇ ಇರು” ಎಂದು ಬಿಟ್ಟುಹೋದಾಗ ಆಗುವ ನೋವೇ ಬೇರೆ.

ಇನ್ನೊಂದು ಸಂಗತಿಯನ್ನು ಹೇಳಲು ಸಂಕೋಚವಾದರೂ, ಇದು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಾದುದರಿಂದ ಹೇಳಿಯೇ ತೀರಬೇಕು. ದಾರಿಯಲ್ಲಿ ಊಟಕ್ಕೆ ನಿಂತ ಸ್ಥಳದ ಶೌಚಾಲಯಕ್ಕೆ ಒಂದು ಎತ್ತರದ ಮೆಟ್ಟಿಲಿತ್ತು. ಬಾಗಿಲು ಕುರ್ಚಿಗಿಂತ ಕಿರಿದಾಗಿತ್ತು. ಹುಡುಗಿಯು ಮಾತ್ರ ಏನೂ ತೊಂದರೆಯಿಲ್ಲವೆಂದು ನಗುತ್ತಿದ್ದಳು. ಆಕೆ ಹಿಂದಿನ ರಾತ್ರಿಯಿಂದ ಒಂದು ತೊಟ್ಟು ನೀರನ್ನೂ ಕುಡಿದಿರಲಿಲ್ಲವೆಂಬುದು ತಾಯಿಯ ಬಾಯಿಂದ ಆಮೇಲೆ ತಿಳಿಯಿತು. ಹೊರಗೆ ಹೋಗಬೇಕಾದಾಗಲೆಲ್ಲ ಆಕೆ ಹಾಗೆಯೇ ಮಾಡುವಳಂತೆ. ಇಡೀ ದಿನ ನೀರು ಧುಮುಕುವುದನ್ನು ನೋಡಲು ಹೋದ ಮಗುವು ನೀರು ಕುಡಿಯದೆ ಹೋಗಬೇಕಾಯಿತು! ಕಾಡಿನಲ್ಲಿ ಏನನ್ನು ಕಟ್ಟುವುದಕ್ಕಿಂತಲೂ ಮೊದಲು ಅಗಲವಾದ ಬಾಗಿಲುಳ್ಳ, ಹಿಡಿದುಕೊಳ್ಳಲು ಗೋಡೆಯಲ್ಲಿ ಕಂಬಿಯುಳ್ಳ ಒಂದು ಶೌಚಾಲಯವನ್ನು ಕಟ್ಟಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ. ಬಾಗಿಲು 900 ಮಿಲಿಮೀಟರ್, ಎಂದರೆ 3 ಅಡಿ ಅಗಲವಿದ್ದರೆ ಸಾಕು.

ಹಿಂದಿರುಗಿದ ಮೇಲೆ ನಮ್ಮ ಗಣಿತದ ಅಧ್ಯಾಪಕಿಯವರು ಹತ್ತನೆಯ ತರಗತಿಗೆ ಒಂದು ಲೆಕ್ಕ ಕೊಟ್ಟರು. ಗಾಲಿಕುರ್ಚಿಯ ಇಳಿಜಾರಿಗೆ ಒಪ್ಪಿತವಾದ ಪ್ರಮಾಣವು 1ಕ್ಕೆ 12. ಅಂದರೆ 1 ಅಡಿ ಎತ್ತರವನ್ನೇರಲು 12 ಅಡಿ ಉದ್ದದ ದಾರಿ ಬೇಕು. ಕೋನವು 5 ಡಿಗ್ರಿಗೆ ಸ್ವಲ್ಪ ಕಡಿಮೆ. ನಮ್ಮ ಜಗಲಿಯ 3 ಮೆಟ್ಟಿಲುಗಳು ತಲಾ ಅರ್ಧ ಅಡಿ ಇರುವುದರಿಂದ 18 ಅಡಿಯ ಇಳಿಜಾರು ಬೇಕೆಂದು ಹುಡುಗಿಯರು ಕೂಡಲೇ ಹೇಳಿದರು. ಅಷ್ಟು ಉದ್ದದ ಇಳಿಜಾರನ್ನು ಅದೇ ರಜೆಯಲ್ಲಿ ಕಟ್ಟಿಸಿದೆವು. ಆಮೇಲೆ ಅಧ್ಯಾಪಕಿಯವರು, “100 ಮೆಟ್ಟಿಲುಗಳ ಜಲಪಾತಕ್ಕೆ?” ಎಂದು ಕೇಳಿದರು. 50 ಅಡಿ ಎತ್ತರ. 600 ಅಡಿ ದಾರಿ. ನಡುನಡುವೆ ವಿಶ್ರಮಿಸಲು ಸಮತಟ್ಟು ಬೇರೆ. ತರಗತಿಯು ಸ್ತಬ್ಧವಾಯಿತು. ಅಷ್ಟು ದಾರಿಗಾಗಿ ಎಷ್ಟು ಬೆಟ್ಟವನ್ನು ಕಡಿಯಬೇಕು, ಎಷ್ಟು ಮರಗಳನ್ನು ಉರುಳಿಸಬೇಕು ಎಂದು ಹಿಂದಿನ ಬೆಂಚಿನವಳೊಬ್ಬಳು ಕೇಳಿದಳು.

ಇದು ಸಂಪಾಜೆಯ ಮಕ್ಕಳು ಕೇಳಲೇಬೇಕಾದ ಪ್ರಶ್ನೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು, ಮೊಣ್ಣಂಗೇರಿಗಳ ಬೆಟ್ಟಗಳು ಕುಸಿದುದನ್ನೂ, ಘಟ್ಟದ ರಸ್ತೆ ಕಡಿದುಹೋದುದನ್ನೂ, ಮನೆ ಕಳೆದುಕೊಂಡವರು ಸಂಪಾಜೆ ಕಲ್ಲುಗುಂಡಿಗಳ ಆಶ್ರಯಶಿಬಿರಗಳಲ್ಲಿ ದಿನ ಕಳೆದುದನ್ನೂ ನಾವಾರೂ ಮರೆಯುವಂತಿಲ್ಲ. ಬೆಟ್ಟದ ಪಾದವನ್ನು ಕಡಿದರೆ ಬೆಟ್ಟ ನಿಲ್ಲುವುದಿಲ್ಲ. ಆದಕಾರಣ ವಿಕಲಚೇತನರ ಹೆಸರು ಹೇಳಿ ಕಾಡಿನೊಳಗೆ ಕಾಂಕ್ರೀಟು ಸುರಿಯಿರೆಂದು ನಾನು ಕೇಳಲಾರೆ, ಕೇಳುವವರನ್ನು ಬೆಂಬಲಿಸಲಾರೆ. ಆ ಹೆಸರಿನಲ್ಲಿ ವಿಸ್ತರಿಸಿದ ರಸ್ತೆಯು ಕೊನೆಗೆ ಯಾರ ಪಾಲಾಗುವುದೆಂಬುದನ್ನು ಬಲ್ಲೆವು.

ಹಾಗಾದರೆ ಮಾಡಬೇಕಾದುದೇನು? ಬೆಟ್ಟವನ್ನು ಮುಟ್ಟದೆ, ನಾವು ಈಗಾಗಲೇ ಕಟ್ಟಿರುವುದನ್ನು ತಿದ್ದುವುದು. ರಸ್ತೆಯು ಹೇಗೂ ಇದೆ. ಅದರ ಬದಿಯ ಒಂದೆರಡು ಸ್ಥಳಗಳಲ್ಲಿ ವಾಹನ ನಿಲ್ಲುವ ಜಾಗದಿಂದ ತಡೆಗೋಡೆಯವರೆಗೆ ನಾಲ್ಕಾರು ಮಾರು ಸಮನಾದ ಗಟ್ಟಿ ನೆಲವನ್ನು ಮಾಡಬಹುದು. ಆ ಗೋಡೆಯು ಕುಳಿತವರ ಕಣ್ಣಿಗೆ ಅಡ್ಡ ಬಾರದಂತೆ ಒಂದು ಕಡೆ ಕಂಬಿಯನ್ನಿಡಬಹುದು. ಇರುವ ಮೆಟ್ಟಿಲುಗಳ ಎರಡೂ ಬದಿಗಳಲ್ಲಿ ಹಿಡಿದು ನಡೆಯಲು ಕಂಬಿಯನ್ನೂ, ಇಪ್ಪತ್ತು ಮೆಟ್ಟಿಲುಗಳಿಗೊಂದು ಕಲ್ಲುಬೆಂಚನ್ನೂ ಹಾಕಿದರೆ ನಿಮ್ಮ ತಾಯಿತಂದೆಗಳಿಗೂ ಅನುಕೂಲವಾಗುತ್ತದೆ. ನಾಗರಹೊಳೆಯಂತಹ ಕಾಡುಗಳಲ್ಲಿ ಎಲ್ಲರೂ ವಾಹನದಲ್ಲಿ ಕುಳಿತೇ ಪ್ರಾಣಿಗಳನ್ನು ನೋಡುವುದರಿಂದ, ಅಲ್ಲಿ ನಡೆಯಬಲ್ಲವರಿಗೂ ನಡೆಯಲಾರದವರಿಗೂ ವ್ಯತ್ಯಾಸವೇ ಇರಬೇಕಾದುದಿಲ್ಲ. ಅಡ್ಡಿಯಿರುವುದು ವಾಹನವನ್ನೇರುವ ಮೊದಲ ಎರಡು ಮೆಟ್ಟಿಲುಗಳಲ್ಲಿ ಮಾತ್ರ. ವಾಹನದ ತಳದ ಎತ್ತರಕ್ಕೆ ಒಂದು ಕಟ್ಟೆಯನ್ನು ಕಟ್ಟಿ ಅದಕ್ಕೆ ಇಳಿಜಾರು ಮಾಡಿದರೆ ಆ ಅಡ್ಡಿಯು ಹೋಗುತ್ತದೆ. ಇದಕ್ಕಾಗಿ ಒಂದು ಮರವನ್ನೂ ಕಡಿಯಬೇಕಾಗಿಲ್ಲ.

ಕಾಲುಗಳ ಮಾತೇ ಎಲ್ಲವೂ ಅಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಳೆಯ ವಯಸ್ಸಿನಲ್ಲಿಯೇ ದೃಷ್ಟಿ ಕಳೆದುಕೊಂಡವಳು. ಒಮ್ಮೆ ಶಾಲೆಗೆ ಬಂದಿದ್ದಾಗ, ಕಾಡಿಗೆ ಹೋದರೆ ನಿನಗೇನು ಸಿಗುತ್ತದಮ್ಮಾ ಎಂದು ನಾನು ಕೇಳಿದೆನು. ಬೆಳಗಿನ ಜಾವ ಹೊಳೆಯ ಬದಿಯಲ್ಲಿ ಮನುಷ್ಯರಂತೆಯೇ ಸಿಳ್ಳೆ ಹಾಕುವ ನೀಲಿ ಹಕ್ಕಿಯ ಸ್ವರ, ಬಿಸಿಲೇರಿದಂತೆ ಏರುವ ಜೀರುಂಡೆಯ ಸದ್ದು, ಮರದ ತೊಗಟೆಯ ತರಿ, ಶೋಲಾದೊಳಗೆ ಕಾಲಿಟ್ಟೊಡನೆ ತಣ್ಣಗಾಗುವ ಗಾಳಿ, ಇವುಗಳನ್ನೆಲ್ಲ ಅವಳು ಹೇಳಿದಳು. “ನನಗೆ ಇಳಿಜಾರು ಬೇಡ ಟೀಚರೇ. ಬರುವವರು ಹಾರನ್ನು ಬಾರಿಸದಿರಲಿ, ಪಾಟು ಹಾಕದಿರಲಿ. ಅಷ್ಟಾದರೆ ಕಾಡು ನನಗೂ ಕಾಣುತ್ತದೆ” ಎಂದಳು. ಈ ಸೌಕರ್ಯಕ್ಕೆ ಸರಕಾರದ ಖರ್ಚು ಒಂದು ಕಾಸೂ ಇಲ್ಲ. ನಾವು ಬಾಯಿ ಮುಚ್ಚಿಕೊಂಡರೆ ಸಾಕು. ಇದರೊಡನೆ ಮರಗಳ ಹೆಸರುಗಳನ್ನು ಬ್ರೈಲ್ ಲಿಪಿಯಲ್ಲಿಯೂ ಬರೆದ ಹಲಗೆಗಳಿದ್ದರೆ ಅವಳು ಓದಿಕೊಂಡೇ ನಡೆಯಬಹುದು. ಕಿವಿ ಕೇಳದವರಿಗಾದರೋ ಮಾರ್ಗದರ್ಶಕರು ಬಾಯಲ್ಲಿ ಹೇಳುವ ಎಚ್ಚರಿಕೆಗಳೂ ವಿವರಗಳೂ ದೊಡ್ಡ ಅಕ್ಷರಗಳಲ್ಲಿ ಬರೆದಿರಬೇಕು.

ಹೊರದೇಶಗಳಲ್ಲಿ ಇದನ್ನು ಹೇಗೆ ನಡೆಸುತ್ತಾರೆಂದು ತಿಳಿಯುವುದು ಪ್ರಯೋಜನಕರ. ಅಮೆರಿಕದ ಯೊಸೆಮಿಟಿ ಉದ್ಯಾನದಲ್ಲಿ ಕೆಳಗಿನ ಜಲಪಾತವನ್ನು ನೋಡಲು ಗಾಲಿಕುರ್ಚಿಯೂ ಹೋಗುವಂತಹ ದಾರಿಯುಂಟು; ಮೇಲಿನ ಜಲಪಾತದ ಕಡಿದಾದ ದಾರಿಯನ್ನು ಅವರು ಹಾಗೆಯೇ ಬಿಟ್ಟಿದ್ದಾರೆ. ಆ ದೇಶದ ಶಾಶ್ವತ ಅಂಗವೈಕಲ್ಯವುಳ್ಳ ನಿವಾಸಿಗಳಿಗೆ ರಾಷ್ಟ್ರೀಯ ಉದ್ಯಾನಗಳ ಪ್ರವೇಶಕ್ಕೆ ಜೀವಾವಧಿಯ ರಹದಾರಿ ಸಿಗುತ್ತದೆ. ಇಂಗ್ಲೆಂಡಿನ ಸರೋವರ ಸೀಮೆಯ ರಾಷ್ಟ್ರೀಯ ಉದ್ಯಾನದವರು ಮಾಡಿದುದು ನನಗೆ ಬಹಳ ಹಿಡಿಸಿತು. ನಮ್ಮ ತೋಟದ ಬೇಲಿಗಳಲ್ಲಿರುವಂತೆಯೇ ಅಲ್ಲಿಯ ಬೇಲಿಗಳಲ್ಲಿಯೂ ತಡಮೆಗಳುಂಟು. ತಡಮೆಯಿಲ್ಲದ ದಾರಿಗಳನ್ನು ಆರಿಸಿ, ಅವುಗಳನ್ನು ಎಲ್ಲರಿಗೂ ಆಗುವಂಥವು, ಬಹಳ ಮಂದಿಗೆ ಆಗುವಂಥವು, ಕೆಲವರಿಗೆ ಆಗುವಂಥವು ಎಂದು ಮೂರು ತರಗತಿಗಳಾಗಿ ವಿಂಗಡಿಸಿ, ನೆಲ, ಅಗಲ, ಏರು ಇವುಗಳನ್ನು ಮೊದಲೇ ಪ್ರಕಟಿಸುತ್ತಾರೆ. ಯಾವುದು ತನಗೆ ತಕ್ಕುದೆಂದು ಪ್ರತಿಯೊಬ್ಬರೂ ಮನೆಯಲ್ಲಿ ಕುಳಿತೇ ನಿಶ್ಚಯಿಸಿಕೊಳ್ಳುತ್ತಾರೆ. ದಾರಿಯನ್ನು ಕಟ್ಟಲು ಹಣ ಬೇಕು. ದಾರಿಯ ನಿಜವನ್ನು ಹೇಳಲು ಒಂದು ಅಳತೆಯ ಪಟ್ಟಿಯೂ ಒಂದು ಹಾಳೆಯೂ ಸಾಕು.

ಹೀಗೆಂದುಕೊಂಡೇ ನಮ್ಮ ಹುಡುಗಿಯರು ಈ ವರ್ಷ ಒಂದು ಪುಸ್ತಕವನ್ನು ಬರೆಯತೊಡಗಿದ್ದಾರೆ. ಅದಕ್ಕೆ ‘ದಾರಿಯ ಪುಸ್ತಕ’ವೆಂದು ಹೆಸರಿಟ್ಟಿದ್ದೇವೆ. ನಮ್ಮ ಸುತ್ತಿನ ಒಂದೊಂದು ನೋಡತಕ್ಕ ಸ್ಥಳಕ್ಕೂ ಒಂದೊಂದು ಪುಟ. ಪುಟದಲ್ಲಿ ವರ್ಣನೆಯಿಲ್ಲ, ಅಳತೆಗಳು ಮಾತ್ರ. ಮೊದಲನೆಯ ಪುಟವನ್ನು ಬರೆದವಳು ಆ ಹುಡುಗಿಯೇ. ಪ್ರವಾಸಕ್ಕೆ ಹೊರಡುವ ಮೊದಲು ಶಾಲೆಯವರು ಈ ಪುಸ್ತಕವನ್ನು ನೋಡಿಯೇ ಸ್ಥಳವನ್ನು ಆರಿಸುವುದೆಂದೂ, ಕನಿಷ್ಠ ಪಕ್ಷ ಒಂದು ಸ್ಥಳವಾದರೂ ತರಗತಿಯ ಎಲ್ಲ ಮಕ್ಕಳೂ ಒಟ್ಟಿಗೆ ಹೋಗತಕ್ಕದ್ದಾಗಿರಬೇಕೆಂದೂ ಅಧ್ಯಾಪಕಿಯರೆಲ್ಲರೂ ಕೂಡಿ ಗೊತ್ತುಮಾಡಿದ್ದೇವೆ.

ಈಗ ನಿಮ್ಮಲ್ಲಿ ನನ್ನ ಬಿನ್ನಹ. ಹಳೆಯ ವಿದ್ಯಾರ್ಥಿನಿಯರಾದ ನಿಮ್ಮಲ್ಲಿ ಕೆಲವರು ಇಂದು ಕಾಫಿ ತೋಟಗಳಲ್ಲಿ ಹೋಂಸ್ಟೇ ನಡೆಸುತ್ತಿದ್ದೀರಿ. ಕೆಲವರು ಪಂಚಾಯಿತಿ ಸದಸ್ಯೆಯರಾಗಿದ್ದೀರಿ. ಕೆಲವರು ಸರಕಾರದ ಕಚೇರಿಗಳಲ್ಲಿದ್ದೀರಿ. ಹಲವರು ದೂರದ ಊರುಗಳಲ್ಲಿ ಸಂಸಾರ ಹೂಡಿ ರಜೆಗೆ ಮಕ್ಕಳೊಡನೆ ಬೆಟ್ಟ ನೋಡಲು ಬರುತ್ತೀರಿ. ಹೋಂಸ್ಟೇ ನಡೆಸುವವರು ಒಂದು ಕೋಣೆಯ, ಒಂದು ಸ್ನಾನದ ಮನೆಯ ಬಾಗಿಲನ್ನಾದರೂ 3 ಅಡಿ ಅಗಲ ಮಾಡಿಸಿರಿ. ಪಂಚಾಯಿತಿಯಲ್ಲಿರುವವರು ಮುಂದಿನ ಸಲ ಪ್ರವಾಸಿಗಳ ಶೌಚಾಲಯದ ನಕ್ಷೆಯು ಮೇಜಿನ ಮೇಲೆ ಬಂದಾಗ ಮೆಟ್ಟಿಲು ಯಾತಕ್ಕೆಂದು ಕೇಳಿರಿ. ಪೋಷಕರಲ್ಲಿ ನಾನು ವಿಶೇಷವಾಗಿ ಬೇಡಿಕೊಳ್ಳುವುದೇನೆಂದರೆ, ನಿಮ್ಮ ಮನೆಯಲ್ಲಿ ಇಂಥ ಮಗುವಿದ್ದರೆ, ಹೆಸರು ಬರೆಯಬೇಡಿರೆಂದು ಹೇಳಲು ಶಾಲೆಗೆ ಬರಬೇಡಿರಿ. ಏನೇನು ಬೇಕೆಂದು ಹೇಳಲು ಬನ್ನಿರಿ.

ಮತ್ತು ಎಲ್ಲರೂ, ಎಲ್ಲಿಗೆ ಹೋದರೂ, ಮೂರು ಸಂಗತಿಗಳನ್ನು ಒಂದು ಕಾಗದದಲ್ಲಿ ಬರೆದು ಶಾಲೆಯ ವಿಳಾಸಕ್ಕೆ ಕಳುಹಿಸಿರಿ: ವಾಹನ ನಿಲ್ಲುವಲ್ಲಿಂದ ನೋಡುವ ಸ್ಥಳಕ್ಕೆ ಎಷ್ಟು ಮೆಟ್ಟಿಲುಗಳು, ಶೌಚಾಲಯದ ಬಾಗಿಲು ಎಷ್ಟು ಅಗಲ, ದಾರಿಯ ನೆಲ ಎಂಥದು. ಪುಸ್ತಕದಲ್ಲಿ ಖಾಲಿ ಪುಟಗಳು ಇನ್ನೂ ಬಹಳ ಉಳಿದಿವೆ.